ಬಲಗಡೆ ಎಂಜಿನ್ನಿನ ತಂತಿ

ಎಡಗಡೆಯ ಎಂಜಿನ್ ಎಂದು ಬರೆದು ಈಗಷ್ಟೇ ಹೊಡೆದುಹಾಕಿದ್ದೇನೆ. ಅಂದಿನ ಕಾಗದದಲ್ಲಿ ಕೆಟ್ಟದ್ದು ಬಲಗಡೆಯದು ಎಂದಿದೆ. ಕಾಗದ ಸುಳ್ಳೆಂದು ಹೇಳುವ ಧೈರ್ಯ ನನಗಿಲ್ಲ, ಅದರ ಕೆಳಗೆ ಇರುವುದು ನನ್ನದೇ ಸಹಿ. ಆದರೂ ಕಣ್ಣು ಮುಚ್ಚಿದರೆ ಸೋರಿದ ಎಣ್ಣೆಯ ಗೆರೆ ಕಾಣುವುದು ನನ್ನ ಎಡಗೈ ಪಕ್ಕದ ಕಿಟಕಿಯಲ್ಲಿ. ಇದಕ್ಕೊಂದು ಕಾರಣವೂ ಸಿಕ್ಕಿದೆ. ಆ ಸಣ್ಣ ವಿಮಾನದಲ್ಲಿ ಪೈಲಟ್‌ಗಳ ಬೆನ್ನಿಗಿರುವ ಸೀಟು ಹಿಂದಕ್ಕೆ ಮುಖ ಮಾಡಿಕೊಂಡಿತ್ತು. ನಾನು ಕುಳಿತಿದ್ದು ಅದರಲ್ಲಿ. ನನ್ನ ಎಡ ವಿಮಾನದ ಬಲ. ಅಲ್ಲಿಗೆ ಎಲ್ಲ ಸರಿಹೋಯಿತು. ಸರಿಹೋದದ್ದೇ ನನಗೆ ಕಷ್ಟ. ನೆನಪು ಇಷ್ಟು ಸಲೀಸಾಗಿ ಕಾಗದಕ್ಕೆ ಹೊಂದಿಕೊಂಡಾಗ, ಕಾಗದ ಓದಿದ ಮೇಲೆ ಅದು ತನ್ನ ಸೀಟು ಬದಲಿಸಿಕೊಂಡಿತೇನೋ ಎನ್ನಿಸುತ್ತದೆ.

ವಿಮಾನದ ಎಂಜಿನ್ ದುರಸ್ತಿ ಕೆಲಸಕ್ಕೆ ಹೊಸದಾಗಿ ಸೇರುವವರು ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಬಡ್ತಿಗಳ ವಿಷಯ ಬಿಡುತ್ತೇನೆ. ಬಡ್ತಿ ಸಿಕ್ಕ ದಿನ ನಾನು ಹೊಸದೇನನ್ನೂ ಕಲಿತದ್ದು ನೆನಪಿಲ್ಲ. ಎಂಜಿನ್ ಕೆಟ್ಟ ದಿನಗಳು ನೆನಪಿವೆ, ಅಥವಾ ನೆನಪಿವೆ ಎಂದು ನಂಬಿದ್ದೇನೆ.

ಮೊದಲು ಕೈಗಳ ವಿಷಯ. ನಾನು ಇಳಕಲ್ಲಿನ ಮಗ್ಗದ ಮನೆಯವನು. ಒಂದು ಹಾಸು, ಎಂದರೆ ಮಗ್ಗಕ್ಕೆ ಉದ್ದಕ್ಕೆ ಹೂಡಿದ ನೂಲು, ನೇಯ್ದು ಮುಗಿದ ಮೇಲೆ ಅದರ ಬಾಲಕ್ಕೆ ಹೊಸ ಹಾಸನ್ನು ಕೂಡಿಸಬೇಕು. ಕೂಡಿಸುವುದೆಂದರೆ ಹಳೆಯ ಎಳೆಯ ತುದಿಗೆ ಹೊಸ ಎಳೆಯ ತುದಿ ಇಟ್ಟು, ಬೂದಿ ಮುಟ್ಟಿದ ಬೆರಳಿನಲ್ಲಿ ಹೊಸೆದು, ಎದೆಯ ಕಡೆಗೆ ಒಮ್ಮೆ ಎಳೆದು ನೋಡುವುದು. ಹೀಗೆ ಸಾವಿರಾರು ಎಳೆ. ನಮ್ಮವ್ವ ಇದನ್ನು ಪಕ್ಕದ ಮನೆಯವರೊಂದಿಗೆ ಜಗಳವಾಡುತ್ತಲೇ ಮಾಡುತ್ತಿದ್ದಳು. ಸಾಲೆಯಿಂದ ಬಂದ ಮೇಲೆ ನಾನೂ ಕೂಡಿಸುತ್ತಿದ್ದೆ. ಮಗ್ಗದಲ್ಲಿ ಎಲ್ಲವೂ ನಿಮ್ಮ ಎದೆಯ ಕಡೆಗೇ ಬರುತ್ತದೆ. ನೇಯ್ದ ಬಟ್ಟೆ ಹೊಟ್ಟೆಯ ಬಳಿಯ ಮರಕ್ಕೇ ಸುತ್ತಿಕೊಳ್ಳುತ್ತದೆ. ಆಚೆಗೆ ಎಳೆಯುವ ಕೆಲಸ ಅಲ್ಲಿ ಇಲ್ಲ.

ವಿಮಾನದ ಎಂಜಿನ್ನಿನಲ್ಲೂ ಹೊಸೆಯುವ ಕೆಲಸವಿದೆ. ನಟ್ಟನ್ನು ಬಿಗಿ ಮಾಡಿದ ಮೇಲೆ ಅದು ನಡುಕಕ್ಕೆ ಬಿಚ್ಚಿಕೊಳ್ಳದಂತೆ ಸಣ್ಣ ತಂತಿ ಪೋಣಿಸಿ, ಎರಡೆಳೆ ಹೊಸೆದು, ಪಕ್ಕದ ಗಟ್ಟಿ ಭಾಗಕ್ಕೆ ಕಟ್ಟುತ್ತೇವೆ. ಲಾಕ್‌ವೈರ್ ಎನ್ನುತ್ತಾರೆ. ತಂತಿ ಯಾವ ಕಡೆಗೆ ಎಳೆಯುತ್ತದೆ ಎಂಬುದು ಮುಖ್ಯ. ಬಿಗಿಯಾಗುವ ಕಡೆಗೆ ಎಳೆದರೆ ನಟ್ಟು ಕೂತಿರುತ್ತದೆ. ಸಡಿಲಾಗುವ ಕಡೆಗೆ ಎಳೆದರೆ ತಂತಿ ಇದ್ದೂ ಇಲ್ಲ. ಇನ್ನೂ ಕೆಟ್ಟದ್ದೆಂದರೆ ನೋಡಿದವರಿಗೆ ತಂತಿ ಕಟ್ಟಿದೆ ಎಂದು ಸಮಾಧಾನವಾಗುತ್ತದೆ.

ನನ್ನ ಮೊದಲ ಕೆಲಸದಲ್ಲಿ ಒಬ್ಬ ಚೀಫ್ ಇದ್ದರು. ಅವರು ನಾವು ಕಟ್ಟಿದ ತಂತಿಯ ಮೇಲೆ ಕಣ್ಣು ಮುಚ್ಚಿ ಬೆರಳಾಡಿಸುತ್ತಿದ್ದರು. ಬೆರಳಿಗೆ ಚುಚ್ಚಿದರೆ ಕೆಲಸ ನಪಾಸು. ಅವರ ಬೆರಳಿನ ಮೇಲಿನ ಪಟ್ಟಿ ಎಣಿಸಿ, ಆ ತಿಂಗಳು ಎಷ್ಟು ಹೊಸಬರು ಸೇರಿದ್ದಾರೆಂದು ಹೇಳಬಹುದಿತ್ತು. ನನ್ನ ತಂತಿ ಅವರಿಗೆ ಎಂದೂ ಚುಚ್ಚಲಿಲ್ಲ. ಎಲ್ಲರ ಮುಂದೆ ಹೊಗಳಿದರು. ಮರುದಿನ ಅದೇ ಚೀಫ್ ನನ್ನನ್ನು ಕರೆದು, ನಾನು ಕಟ್ಟಿದ ಇನ್ನೊಂದು ತಂತಿ ತೋರಿಸಿ, ಇದನ್ನು ಇತ್ತ ಎಳೆಯಲು ಯಾರು ಕಲಿಸಿದರು ಎಂದು ಕೇಳಿದರು. ನೋಡಿದೆ. ಸಡಿಲಾಗುವ ಕಡೆಗೆ ಎಳೆದಿದ್ದೆ. ಆ ನಟ್ಟಿಗೆ ಕೈಹಾಕಲು ನಾನು ಆಚೆ ಬದಿಯಲ್ಲಿ ನಿಂತಿದ್ದೆ. ಆಚೆ ನಿಂತವನು ಎದೆಯ ಕಡೆಗೆ ಎಳೆದರೆ ನಟ್ಟಿಗೆ ಅದು ತಿರುವುಮುರುವು. ನಮ್ಮವ್ವ ಕಲಿಸಿದಳು ಎಂದೆ. ಅವರು ನಗಲಿಲ್ಲ. ತಂತಿ ಕತ್ತರಿಸಿ ಮತ್ತೆ ಕಟ್ಟಿಸಿದರು. ಅಂದಿನಿಂದ ನಾನು ಪ್ರತಿ ನಟ್ಟಿನ ಪಕ್ಕ ಸೀಮೆಸುಣ್ಣದಲ್ಲಿ ಬಾಣ ಬರೆದು ತಂತಿ ಕಟ್ಟುತ್ತಿದ್ದೆ. ಪ್ರತಿ ನಟ್ಟಿನ ಪಕ್ಕ ಎಂದು ಬರೆದದ್ದು ಹೆಚ್ಚಾಯಿತು. ಬಹುತೇಕ.

ಎಷ್ಟೋ ಊರು ತಿರುಗಿದ ಮೇಲೆ ಕೊನೆಯ ವರ್ಷಗಳಿಗೆ ನಮ್ಮ ಕಡೆಗೇ ಬಂದೆ. ಬಾಗಲಕೋಟೆಯಿಂದ ಕಲಾದಗಿಯ ಕಡೆ ಹೋಗುವಾಗ ಒಂದು ಕಾರ್ಖಾನೆಯವರು ತಮ್ಮದೇ ಸಣ್ಣ ರನ್‌ವೇ ಮಾಡಿಕೊಂಡಿದ್ದರು. ಎರಡು ಎಂಜಿನ್ನಿನ ಒಂದು ವಿಮಾನ, ಒಂದು ತಗಡಿನ ಶೆಡ್ಡು. ಅದನ್ನು ನೋಡಿಕೊಳ್ಳಲು ನಾವಿಬ್ಬರು. ಲೈಸನ್ಸ್ ಇದ್ದವನು ನಾನು, ಇನ್ನೂ ಇಲ್ಲದವನು ಬಸಲಿಂಗ. ಅವನು ಗುಡೂರಿನವನು, ನನ್ನ ವಾರಿಗೆಯವನೇ. ಅವನ ತಾಯಿಯ ತವರು ಇಳಕಲ್ಲಿನಲ್ಲಿ ನಮ್ಮ ಓಣಿಯಲ್ಲಿತ್ತು. ರಜೆಗೆ ಬಂದಾಗಲೆಲ್ಲ ನಮ್ಮ ಜೊತೆ ಎಳೆ ಕೂಡಿಸಿದವನು. ಲಾರಿ, ಪಂಪು, ಕಬ್ಬಿನ ಕಾರ್ಖಾನೆಯ ಯಂತ್ರ ಎಲ್ಲ ಮುಟ್ಟಿ, ತಡವಾಗಿ ವಿಮಾನಕ್ಕೆ ಬಂದಿದ್ದ. ಆ ವರ್ಷ ಲೈಸನ್ಸ್ ಪರೀಕ್ಷೆಗೆ ಅರ್ಜಿ ಹಾಕಿದ್ದ. ಊಟದ ಬುತ್ತಿಯ ಪಕ್ಕ ಪುಸ್ತಕ ತೆರೆದಿಟ್ಟು, ಪುಟದ ಮೇಲೆ ಶೇಂಗಾ ಚಟ್ನಿ ಚೆಲ್ಲಿ, ನನ್ನನ್ನೇ ಬೈಯುತ್ತಿದ್ದ.

ಒಂದು ದಿನ ಪೈಲಟ್ ಬರೆದುಕೊಟ್ಟರು: ಬಲ ಎಂಜಿನ್ನಿನ ಎಣ್ಣೆ ಒತ್ತಡ ತೋರಿಸುವ ಮುಳ್ಳು ಅಲ್ಲಾಡುತ್ತದೆ. ಒತ್ತಡ ಅಳೆಯುವ ಸೆನ್ಸರ್ ಬದಲಿಸಬೇಕು. ಹೊಸವು ಜೋಡಿಯಾಗಿ ಬಂದಿದ್ದವು, ಎರಡೂ ಎಂಜಿನ್ನಿಗೆ ಹಾಕಿಬಿಡೋಣ ಎಂದುಕೊಂಡೆವು. ಒಂದೇ ಕೆಲಸ ಎರಡೂ ಎಂಜಿನ್ನಿಗೆ ಒಂದೇ ದಿನ ಮಾಡಬೇಡಿ, ಹೊಸಬರೇ. ಒಂದು ಕಡೆ ಮಾಡಿದ ತಪ್ಪನ್ನು ಇನ್ನೊಂದು ಕಡೆಯೂ ಮಾಡುತ್ತೀರಿ. ನಾವು ತಪ್ಪು ಮಾಡಿದ್ದು ಒಂದೇ ಕಡೆ. ಅದು ಜಾಣತನವಲ್ಲ.

ಸೆನ್ಸರ್ ಕೂಡುವ ನಟ್ಟು ಎರಡೂ ಎಂಜಿನ್ನಿನಲ್ಲಿ ಎಡ ಮಗ್ಗುಲಿಗಿದೆ. ಎಡ ಎಂಜಿನ್ನಿನಲ್ಲಿ ಅದು ಹೊರಗಡೆ, ಆರಾಮಾಗಿ ನಿಂತು ಮಾಡಬಹುದು. ಬಲ ಎಂಜಿನ್ನಿನಲ್ಲಿ ಅದು ವಿಮಾನದ ಹೊಟ್ಟೆಯ ಕಡೆ. ಇಕ್ಕಟ್ಟು. ಆಚೆಯಿಂದ ಕೈ ತೂರಿಸಿ ಕಟ್ಟಬೇಕು. ಆರಂಭದಲ್ಲಿ ನಾನು ಎಡಕ್ಕೆ, ಬಸಲಿಂಗ ಬಲಕ್ಕೆ. ಇದರಲ್ಲಿ ಅನುಮಾನವಿಲ್ಲ. ಹಳೆಯ ಸೆನ್ಸರ್ ತೆಗೆದೆವು. ರೊಟ್ಟಿ ಬಂತು. ಉಂಡೆವು. ಉಂಡ ಮೇಲೆ ಅದೇ ಜಾಗಕ್ಕೆ ಮರಳಿದೆವೋ, ಅದಲು ಬದಲಾದೆವೋ, ಇದರಲ್ಲಿ ಅನುಮಾನವಿದೆ. ಬಸಲಿಂಗ ದಪ್ಪಗಿದ್ದ. ನಾನು ತೆಳ್ಳಗಿದ್ದೆ, ಇಕ್ಕಟ್ಟಿನ ಕೆಲಸ ಸಾಮಾನ್ಯವಾಗಿ ನನಗೇ ಬರುತ್ತಿತ್ತು. ಇದು ನನ್ನ ವಿರುದ್ಧದ ಸಾಕ್ಷಿ. ಸಂಜೆ ನನ್ನ ಕನ್ನಡಕ ಎಡಗಡೆಯ ಏಣಿಯ ಮೇಲೆ ಸಿಕ್ಕಿತು. ಇದು ನನ್ನ ಪರ. ಕನ್ನಡಕವನ್ನು ಊಟಕ್ಕೆ ಮುಂಚೆಯೇ ಅಲ್ಲಿ ಮರೆತಿರಬಹುದು. ಹಾಗಾದರೆ ಊಟದ ನಂತರ ನಾನು ಕನ್ನಡಕವಿಲ್ಲದೆ ತಂತಿ ಕಟ್ಟಿದೆ ಎಂದಾಗುತ್ತದೆ, ಅದು ಯಾರ ಪರವೂ ಅಲ್ಲ.

ಒಬ್ಬ ಮಾಡಿದ್ದನ್ನು ಇನ್ನೊಬ್ಬ ನೋಡಬೇಕು ಎಂಬುದು ನಿಯಮ. ನಾವು ನಿಯಮ ಪಾಲಿಸಿದೆವು. ಹೇಗೆಂದರೆ, ವಿಮಾನದ ಆಚೆಯಿಂದ ಅವನು ಕೂಗಿದ:

"ನೋಡಿದೇನಲೇ ಮಾಂತ್ಯಾ?"

"ನೋಡೀನಿ. ನೀ ನೋಡಿದಿ?"

"ನೀ ಕಟ್ಟಿದ್ದು ಏನ್ ನೋಡೂದಲೇ, ನಿಮ್ಮವ್ವನ ಕೈ ಐತಿ ಅದು."

"ನಿನ್ನ ಕೈ ಯಾರದು ಹಂಗಾರ?"

"ನಂದೂ ನಿಮ್ಮವ್ವಂದ. ನನಗೂ ಆಕೀನ ಕಲಸಿದ್ದಲ್ಲ."

ಇಬ್ಬರೂ ನಕ್ಕೆವು. ಎರಡೂ ಎಂಜಿನ್ನಿನ ಕಾಗದಕ್ಕೆ ನಾನು ಸಹಿ ಮಾಡಿದೆ.

ಮರುದಿನ ವಿಮಾನದಲ್ಲಿ ಮಾಲೀಕರ ತಾಯಿ ಇದ್ದರು. ಎಲ್ಲರೂ ದೊಡ್ಡವ್ವಾರು ಎನ್ನುತ್ತಿದ್ದರು. ಮಹಾಕೂಟದ ಗುಡಿಗೆ ಹೋಗಿ ಬಂದು, ಹೊಂಡದ ನೀರನ್ನು ಒಂದು ಬಾಟ್ಲಿಯಲ್ಲಿ ತುಂಬಿಕೊಂಡಿದ್ದರು. ಅವರ ಜೊತೆ ಮನೆಯವರು ನಾಲ್ಕು ಮಂದಿ. ಹೋದ ಕಡೆ ಎರಡು ದಿನ ವಿಮಾನ ನಿಲ್ಲುವುದಿತ್ತು, ಆದ್ದರಿಂದ ನಾನೂ ಹತ್ತಿದೆ. ಹತ್ತುವ ಮುಂಚೆ ಕ್ಯಾಪ್ಟನ್‌ಗೆ ಒಂದು ಮಾತು ಹೇಳಿದೆ. ಅದು ಮಾತ್ರ ಅಕ್ಷರಕ್ಷರ ನೆನಪಿದೆ: ಸೆನ್ಸರ್ ಹೊಸದು, ಮುಳ್ಳು ಮೊದಮೊದಲು ಸ್ವಲ್ಪ ಅಲ್ಲಾಡಬಹುದು, ಚಿಂತೆ ಬೇಡ. ಯಾಕೆ ಹೇಳಿದೆನೋ. ಹೊಸ ಸೆನ್ಸರಿನ ಮುಳ್ಳು ಅಲ್ಲಾಡಬಾರದು. ಕೆಲಸ ಮುಗಿಸಿದವನಿಗೆ ಏನಾದರೊಂದು ಹೇಳಬೇಕೆನ್ನಿಸುತ್ತದೆ.

ನನ್ನ ಸೀಟಿಗೆ ಎದುರಾಗಿ ಕೂತ ದೊಡ್ಡವ್ವಾರು ನನ್ನನ್ನು ಮೇಲೆ ಕೆಳಗೆ ನೋಡಿದರು.

"ಯಾಕೋ ತಮ್ಮಾ, ಬಸ್ಸಿನ್ಯಾಗ ಡ್ರೈವರನ ಮಗ್ಗಲ ಪೆಟ್ಟಿಗಿ ಮ್ಯಾಲ ಕುಂತಂಗ ಕುಂತೀಯಲ್ಲ. ಜಾಗಾ ಸಿಗಲಿಲ್ಲೇನು?"

"ಈ ಸೀಟ್ ಹಿಂಗ ಇರತೈತ್ರಿ ಅವ್ವಾರ."

"ಹಂಗಾರ ನನ್ನ ಮಾರಿ ನೋಡಕೋತ ಕುಂಡ್ರು. ನಾ ನಿನ್ನ ಮಾರಿ ನೋಡತೇನಿ."

ಬಿಸಿಲು ಜೋರಿತ್ತು. ವಿಮಾನ ತುಂಬಿತ್ತು. ಬಿಸಿ ಗಾಳಿಯಲ್ಲಿ ತುಂಬಿದ ವಿಮಾನ ಒಲ್ಲದ ಮನಸ್ಸಿನಿಂದ ಏರುತ್ತದೆ. ಚಕ್ರ ಒಳಗೆ ಹೋದ ಸದ್ದು ಕೇಳಿತು. ಘಟಪ್ರಭೆ ಕಂಡಿತು. ಆಗ ನನ್ನ ಬೆನ್ನ ಹಿಂದೆ ಸಹ ಪೈಲಟ್ ಬಲ ಎಂಜಿನ್ನಿನ ಎಣ್ಣೆ ಮುಳ್ಳು ಇಳಿಯುತ್ತಿದೆ ಎಂದರು. ಕುತ್ತಿಗೆ ತಿರುಗಿಸಿ ನೋಡಿದೆ. ಅಲ್ಲಾಡುತ್ತಿರಲಿಲ್ಲ. ನೆಟ್ಟಗೆ ಇಳಿಯುತ್ತಿತ್ತು.

ಇಲ್ಲಿ ಒಂದು ವಿಷಯ ತಿಳಿದುಕೊಳ್ಳಿ. ನೆಲ ಬಿಟ್ಟ ಕೂಡಲೇ ಎಂಜಿನ್ ಕೆಟ್ಟರೆ ಪೈಲಟ್ ಮಾಡುವ ಮೊದಲ ಕೆಲಸ ಎಂಜಿನ್ನಿನದಲ್ಲ. ಮೂತಿ ಎಷ್ಟು ಎತ್ತಿದೆ, ವೇಗ ಎಷ್ಟಿದೆ, ನೇರ ಹೋಗುತ್ತಿದೆಯೇ ಎಂದು ನೋಡುವುದು. ಅದು ಸರಿಯಿದ್ದರೆ ಉಳಿದದ್ದಕ್ಕೆ ಸಮಯವಿರುತ್ತದೆ. ಅದು ತಪ್ಪಿದರೆ ಯಾವುದಕ್ಕೂ ಇರುವುದಿಲ್ಲ. ನಮ್ಮ ಕ್ಯಾಪ್ಟನ್ ಕೈ ಎಲ್ಲಿಗೂ ಹೋಗಲಿಲ್ಲ. ವಿಮಾನ ಹಾರಿಸುತ್ತಲೇ ಇದ್ದರು. ಹಾರಿಸುತ್ತಲೇ, ಹಿಂದಕ್ಕೆ ನೋಡದೆ, ಇಂಗ್ಲಿಷಿನಲ್ಲಿ ನನ್ನನ್ನು ಕೇಳಿದರು: ಮುಳ್ಳೋ, ಎಣ್ಣೆಯೋ?

ಮುಳ್ಳು ಸುಳ್ಳು ಹೇಳುತ್ತಿದೆ ಎಂದರೆ ಅವರು ಎಂಜಿನ್ ನಡೆಸುತ್ತಾರೆ. ಎಣ್ಣೆಯೇ ಹೋಗುತ್ತಿದ್ದರೆ ಆ ಎಂಜಿನ್ ಸ್ವಲ್ಪ ಹೊತ್ತಿನಲ್ಲಿ ಒಳಗೇ ಅರೆದುಕೊಂಡು ಬಿಗಿದು ನಿಂತುಬಿಡುತ್ತದೆ, ಬೆಂಕಿಯೂ ಹತ್ತಬಹುದು. ಎಣ್ಣೆ ಎಂದರೆ ನಿಲ್ಲಿಸುತ್ತಾರೆ. ಮುಳ್ಳಿನದೇ ತಪ್ಪಾಗಿದ್ದರೆ, ಆ ಬಿಸಿಲಿನಲ್ಲಿ ಎಂಟು ಜನರನ್ನು ಹೊತ್ತ ವಿಮಾನದ ಒಳ್ಳೆಯ ಎಂಜಿನ್ ಒಂದನ್ನು ಕೆಳಗೆ ನದಿ ಇಟ್ಟುಕೊಂಡು ನಿಲ್ಲಿಸಿದಂತೆ. ಇದಿಷ್ಟೂ ನನಗೆ ಗೊತ್ತಿತ್ತು. ಇನ್ನೊಂದೂ ಗೊತ್ತಿತ್ತು. ಮುಳ್ಳು ಎಂದರೆ ಸೆನ್ಸರ್ ತಯಾರಿಸಿದವರದು ತಪ್ಪು. ಎಣ್ಣೆ ಎಂದರೆ ತಪ್ಪು ನಮ್ಮದು.

ಇದರ ಮುಂದೆ ನನ್ನ ಬಳಿ ಮೂರು ನೆನಪುಗಳಿವೆ, ಎರಡು ಬೇರೆಯವರವು.

ಕ್ಯಾಪ್ಟನ್ ಬರೆದುಕೊಟ್ಟದ್ದು: ಎಂಜಿನಿಯರ್ ತಕ್ಷಣ ಉತ್ತರಿಸಿದರು.

ದೊಡ್ಡವ್ವಾರು ಆಮೇಲೆ ನೆರೆದವರ ಮುಂದೆ ಹೇಳಿದ್ದು: "ಇಂವಾ ಏನಂದ? ಏನೂ ಅನ್ನಲಿಲ್ಲ. ಬಾಯಿ ತಗದು ಕುಂತಿದ್ದ. ನಾನ ಬಾಟ್ಲಿ ಮುಚ್ಚಳಾ ತಗದು ಒಂದ ಗುಟುಕು ನೀರು ಕುಡುಸೂನು ಅಂತ ಮಾಡಿದ್ನಿ."

ನನ್ನದು: ಕಿಟಕಿಯಾಚೆ ರೆಕ್ಕೆಯ ಮೇಲೆ ಕಪ್ಪಗೆ ಒಂದು ಗೆರೆ, ಹಿಂದಕ್ಕೆ ಹರಿಯುತ್ತ, ಅಗಲವಾಗುತ್ತ. ಅದನ್ನು ನೋಡಿ ಎಣ್ಣೆ ಎಂದೆ. ನೋಡುವ ಮುಂಚೆ ನನಗೆ ತಿಳಿದಿತ್ತೋ, ನೋಡಲೆಂದೇ ಕಾದೆನೋ. ಮುಚ್ಚಳ ತೆಗೆಯಲು ಎಷ್ಟು ಹೊತ್ತು ಬೇಕು ಎಂದು ಆಮೇಲೆ ಮನೆಯಲ್ಲಿ ಬಾಟ್ಲಿ ಇಟ್ಟುಕೊಂಡು ನೋಡಿದ್ದೇನೆ. ಮುಚ್ಚಳ ಎಷ್ಟು ಬಿಗಿಯಿದೆ ಎಂಬುದರ ಮೇಲೆ ಹೋಗುತ್ತದೆ.

ಉಳಿದದ್ದು ಅವರಿಬ್ಬರ ಕೆಲಸ. ಬಹಳ ಚೆನ್ನಾಗಿ ಮಾಡಿದರು, ಆದ್ದರಿಂದ ಹೇಳಲು ಹೆಚ್ಚಿಲ್ಲ. ಬಲ ಎಂಜಿನ್ನಿನ ಲಿವರ್ ಮೇಲೆ ಕ್ಯಾಪ್ಟನ್ ಕೈ ಇಟ್ಟು, ಬಲ ಎಂದರು. ಸಹ ಪೈಲಟ್ ನೋಡಿ, ಬಲ ಎಂದರು. ಆಮೇಲೆಯೇ ಎಳೆದರು. ಗಾಬರಿಯಲ್ಲಿ ಕೆಡದ ಎಂಜಿನ್ನನ್ನೇ ನಿಲ್ಲಿಸಿ ಸತ್ತವರಿದ್ದಾರೆ, ಹೀಗಾಗಿ ಇಬ್ಬರೂ ಬಾಯಿಬಿಟ್ಟು ಹೇಳಬೇಕು. ಬಲ ಪಂಖ ಗಾಳಿಗೆ ಅಂಚು ತಿರುಗಿಸಿ ನಿಂತಿತು. ನಿಂತ ಪಂಖವನ್ನು ಆಕಾಶದಲ್ಲಿ ನೋಡುವುದು ಒಳ್ಳೆಯದಲ್ಲ. ಒಂದೇ ಎಂಜಿನ್ನಿನಲ್ಲಿ ಅಗಲವಾಗಿ ತಿರುಗಿ, ಕಲಾದಗಿಯ ದಾಳಿಂಬೆ ತೋಟಗಳ ಮೇಲೆ ಹಾದು, ಹೊರಟ ರನ್‌ವೇಗೇ ಇಳಿದೆವು. ದೊಡ್ಡವ್ವಾರು ಇಳಿಯುವಾಗ, "ಇಷ್ಟ ಲಗೂ ಬಂತೇನು ಊರು?" ಎಂದರು.

ಬಸಲಿಂಗ ಓಡಿ ಬಂದ. ನಿಂತ ಪಂಖ ನೋಡಿದ, ರೆಕ್ಕೆ ನೋಡಿದ, ನನ್ನನ್ನು ನೋಡಲಿಲ್ಲ. ಎಂಜಿನ್ನಿನ ಮುಚ್ಚಳ ತೆಗೆದೆವು. ಸೆನ್ಸರ್ ಕೂಡುವ ನಟ್ಟು ಸಡಿಲಾಗಿ ಎಣ್ಣೆ ಸೋರಿತ್ತು. ತಂತಿ ಇತ್ತು. ಚಂದವಾಗಿ ಹೊಸೆದ ತಂತಿ, ಯಾವ ಚೀಫ್‌ನ ಬೆರಳಿಗೂ ಚುಚ್ಚದಂಥದ್ದು, ಸಡಿಲಾಗುವ ಕಡೆಗೆ ಎಳೆದಿತ್ತು. ಪಕ್ಕದಲ್ಲಿ ಸೀಮೆಸುಣ್ಣದ ಬಾಣವಿತ್ತೇ? ಎಣ್ಣೆ ಎಲ್ಲವನ್ನೂ ತೊಳೆದಿತ್ತು.

ಮತ್ತೆ ನಾನು ಮಾಡಿದ್ದು ಇದು: ಇಕ್ಕಳ ತೆಗೆದು ಆ ತಂತಿಯನ್ನು ಕತ್ತರಿಸಿದೆ. ಕೆಟ್ಟ ಉದ್ದೇಶ ಇರಲಿಲ್ಲ ಎಂದು ನಾನು ಹೇಳಬಲ್ಲೆ, ಆದರೆ ಹೇಳುವವನು ನಾನೇ. ನಟ್ಟು ಸಡಿಲಾಗಿದ್ದರೆ ತಂತಿ ಕತ್ತರಿಸಿ ನಟ್ಟು ನೋಡುವುದು ಕೈಗೆ ರೂಢಿ. ತುಂಡು ತಂತಿಗಳ ಡಬ್ಬಿಗೆ ಅದು ಬಿತ್ತು. ಅಲ್ಲಿ ಅಂಥವು ನೂರಿದ್ದವು. ಈಗ ಕೆಲಸಕ್ಕೆ ಮುಂಚೆ ಒಂದು, ಮುಗಿದ ಮೇಲೆ ಒಂದು, ಪ್ರತಿ ತಂತಿಯ ಫೋಟೋ ತೆಗೆಯಬೇಕು, ತೆಗೆದವರ ಹೆಸರು ಸಹಿತ. ನಮ್ಮ ಶೆಡ್ಡಿನಲ್ಲಿ ಫೋನನ್ನು ಬಾಗಿಲಲ್ಲೇ ಇಟ್ಟು ಬರಬೇಕೆಂಬ ನಿಯಮವಿತ್ತು. ನಾವು ಪಾಲಿಸಿದ ನಿಯಮಗಳಲ್ಲಿ ಅದೂ ಒಂದು.

ವಿಚಾರಣೆಗೆ ಹೊರಗಿನಿಂದ ಒಬ್ಬ ಅಧಿಕಾರಿ ಬಂದರು. ಬಲ ಎಂಜಿನ್ ಯಾರು ಮಾಡಿದ್ದು ಎಂದು ಕೇಳಿದರು. ನನ್ನನ್ನೇ ನೋಡಿ ಕೇಳಿದರು, ಸಹಿ ನನ್ನದಿತ್ತಲ್ಲ. ನಾನು ಬಾಯಿ ತೆರೆಯುವ ಮುಂಚೆ ಬಸಲಿಂಗ, "ಬಲಗಡಿದು ನಂದ್ರಿ," ಎಂದ. ಅಧಿಕಾರಿ ನನ್ನತ್ತ ತಿರುಗಿ, ಸರಿಯೇ ಎಂದರು. ಆರಂಭದಲ್ಲಿ ಅವನೇ ಬಲಗಡೆ ಇದ್ದದ್ದು ಎಂದೆ. ಇದು ಸುಳ್ಳಲ್ಲ. ಊಟದ ವಿಷಯ ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಸರಿಯಾಗಿ ನೋಡದೆ ಸಹಿ ಮಾಡಿದ್ದಕ್ಕೆ ನನಗೆ ಲಿಖಿತ ಎಚ್ಚರಿಕೆ ಬಂತು. ಬಸಲಿಂಗನನ್ನು ಎಂಜಿನ್ ಮುಟ್ಟದಂತೆ ಮಾಡಿದರು. ಪರೀಕ್ಷೆಗೆ ಬೇಕಾದ ಅನುಭವದ ಪತ್ರ ಕಾರ್ಖಾನೆಯವರು ಕೊಡಲಿಲ್ಲ. ಕೆಲವು ದಿನ ಕಾರ್ಖಾನೆಯ ನೀರಿನ ಪಂಪು ನೋಡಿಕೊಂಡಿದ್ದು, ಬಿಟ್ಟು ಹೋದ. ಹೋಗುವ ದಿನ ಚಟ್ನಿ ಬಿದ್ದ ಪುಸ್ತಕವನ್ನು ನನ್ನ ಮೇಜಿನ ಮೇಲೆ ಇಟ್ಟಿದ್ದ. ನಾನು ನಿವೃತ್ತಿಯವರೆಗೆ ಅಲ್ಲಿಯೇ ಇದ್ದೆ. ನಿವೃತ್ತಿಯ ದಿನ, ಆಕಾಶದಲ್ಲಿ ಕ್ಷಣವೂ ತಡಮಾಡದೆ ಉತ್ತರ ಕೊಟ್ಟು ಎಂಟು ಜೀವ ಉಳಿಸಿದವರು ಎಂದು ಭಾಷಣದಲ್ಲಿ ಹೇಳಿದರು. ಆ ಎಂಟರಲ್ಲಿ ನಾನೂ ಒಬ್ಬ.

ಇದನ್ನು ಬರೆಯಲು ಕುಳಿತ ಮೇಲೆ ಗುಡೂರಿಗೆ ಹೋದೆ. ಬಸ್‌ಸ್ಟ್ಯಾಂಡಿನಿಂದ ಸ್ವಲ್ಪ ಮುಂದೆ ಬಸಲಿಂಗನ ಅಂಗಡಿ. ಬೋರ್‌ವೆಲ್ ಮೋಟರು ಬಿಚ್ಚಿ ತಂತಿ ಸುತ್ತುತ್ತಾನೆ. ಇನ್ನೂ ದಪ್ಪಗಾಗಿದ್ದಾನೆ.

"ಬಾರಲೇ ಸಾಹೇಬಾ. ಏನ್ ಕೆಟ್ಟೈತಿ, ಮೋಟರೋ ನೀನೋ?"

"ನಾನ," ಎಂದೆ. ಕೇಳಿದೆ: ಊಟ ಆದ ಮೇಲೆ ಬಲಗಡೆಗೆ ಹೋದದ್ದು ಯಾರು?

ಅವನು ಹಲಗೆಯಿಂದ ಒಂದು ಸುರುಳಿ ತಂತಿ ತೆಗೆದ. ಎರಡು ಹಳೆಯ ಬೋಲ್ಟುಗಳನ್ನು ಮೇಜಿನ ಅಂಚಿನ ಕಬ್ಬಿಣದ ವೈಸಿಗೆ ಬಿಗಿದ. "ಕಟ್ಟು," ಎಂದ. ಆಚೆ ಬದಿಯಿಂದ ಕೈ ತೂರಿಸಿ, ನಾನೊಂದು ಕಟ್ಟಿದೆ, ಅವನೊಂದು ಕಟ್ಟಿದ. ಬೋಲ್ಟುಗಳನ್ನು ಬಿಚ್ಚಿ ಟವೆಲ್ಲಿನಲ್ಲಿ ಹಾಕಿ ಕಲಸಿ ನನ್ನ ಮುಂದೆ ಇಟ್ಟ.

"ಹೇಳು, ನಿಂದ್ಯಾವುದು?"

ಎರಡೂ ಸಡಿಲಾಗುವ ಕಡೆಗೆ ಎಳೆದಿದ್ದವು. ಎರಡರಲ್ಲೂ ಒಂದೇ ಕೈ.

"ಗೊತ್ತಾಗವಲ್ದು," ಎಂದೆ.

"ನನಗೂ."

"ಮತ್ತ ಆವತ್ತು ನಂದು ಅಂತ ಯಾಕಂದಿ?"

"ನಿಂದು ಲೈಸನ್ಸ್ ಇತ್ತಲೇ. ಅದು ಹೋಗಿದ್ರ ಶೆಡ್ ಮುಚ್ಚತಿದ್ರು, ಇಬ್ಬರೂ ಮನಿಗೆ. ನಂದು ಇನ್ನಾ ಬಂದಿರಲೇ ಇಲ್ಲ. ಇಲ್ಲದ್ದು ಹೋದ್ರ ಏನ್ ಹೋತು?" ತಂತಿಯ ಸುರುಳಿಯನ್ನು ಹಲಗೆಗೆ ಎಸೆದ. "ಅದೂ ಅಲ್ದ, ನಂದ ಇರಬೇಕು ಅಂತ ಖರೇನ ಅನ್ನಿಸಿತ್ತು ಆವತ್ತು."

"ಈಗ?"

"ಈಗ ಅನ್ನಸೂದಿಲ್ಲ." ಬೋಲ್ಟುಗಳನ್ನು ಡಬ್ಬಿಗೆ ಹಾಕುತ್ತ, "ನೀ ಅಂತಿ ಅಂತ ಒಂದೀಟು ಕಾದಿದ್ನಿ ನೋಡು ಮಾಂತ್ಯಾ. ನೀ ಬಾಯಿ ತಗೀಲಿಲ್ಲ. ಆಮ್ಯಾಲೆ ನಾ ಅಂದ್ನಿ," ಎಂದ.

ನಾನು ಬಾಯಿ ತೆರೆಯುವ ಮುಂಚೆ ಅವನು ಹೇಳಿದ ಎಂದು ಮೇಲೆ ಬರೆದಿದ್ದೇನೆ. ಅದನ್ನು ಹೊಡೆದುಹಾಕುವುದಿಲ್ಲ, ಹಾಗೆಯೇ ಇರಲಿ. ಎರಡನ್ನೂ ಓದಿ.

ವಿಮಾನದಲ್ಲಿ ನಾನು ಎಷ್ಟು ಹೊತ್ತು ಸುಮ್ಮನಿದ್ದೆ ಎಂದು ನನಗೆ ಗೊತ್ತಿಲ್ಲ. ವಿಚಾರಣೆಯ ಕೋಣೆಯಲ್ಲಿ ಎಷ್ಟು ಹೊತ್ತು ಎಂದೂ ಗೊತ್ತಿಲ್ಲ. ಬಲಗಡೆ ಎಂಜಿನ್ನಿನ ತಂತಿ ಕಟ್ಟಿದ್ದು ಯಾರೆಂದು ಗೊತ್ತಿಲ್ಲ. ಆ ಅಧಿಕಾರಿ ಕೇಳಿದಾಗಲೂ ಗೊತ್ತಿಲ್ಲ ಎಂಬ ಇದೇ ಉತ್ತರ ನನ್ನ ಬಳಿ ಇತ್ತು. ಕೊಡಲಿಲ್ಲ.